ಒರ್ಗ್‌ಬೇಡ ಹ್ವಾಯ್

"ಹದಿನೈದ್ ಕಿಲೋಮೀಟರ್ ಹೊತ್ಕಂಡ್ ಬಂದ್ರ್ ಅಂದೇಳಿ ಬರಿಯೂದಾ, ಇಪ್ಪತ್ತ್ ಮಾಡೂದಾ?"

ಶ್ರದ್ಧಾಂಜಲಿ ಓದಲು ಕಾಗದ ಹಿಡಿದು ಕೂತ ಯುವಕ ಮಂಡಲದ ಗೌರೀಶ್ ಪೆನ್ನಿನ ತುದಿ ಕಚ್ಚಿಕೊಂಡು ಕೇಳಿದ. ಶಾಮಿಯಾನದಡಿ ಕುರ್ಚಿ ಜೋಡಿಸುತ್ತಿದ್ದ ಚಂದ್ರ ಕೈ ನಿಲ್ಲಿಸಲಿಲ್ಲ.

"ಟೇಪ್ ಹಿಡ್ದ್ ಅಳ್ದವ್ರ್ ಯಾರ್?"

ವಂಡ್ಸೆಯ ಆ ಮನೆಯ ಜಗಲಿಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ, ಕಿಟ್ಟ ಶೆಟ್ಟರು ಸೈನ್ಯದ ಟೊಪ್ಪಿ ಹಾಕಿಕೊಂಡು ಮಲಗಿದ್ದರು. ಮೊನ್ನೆ ಸಂಜೆ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಮುಂಬೈ ಹೋಟೆಲಿನ ತಮ್ಮ ಬಂದು ಮುಟ್ಟಿದ ಕೂಡಲೇ ಎತ್ತುವುದು ಎಂದು ಹಿರಿಯರು ಹೇಳಿಯಾಗಿತ್ತು.

"ಅಲ್ಲ ಚಂದ್ರಣ್ಣ, ಆ ಬದ್ಕಿ ಉಳ್ದ್ ಜನದ್ ಫೋನ್ ನಂಬ್ರ್ ಇತ್ತಾ? ಮೈಕಿಗ್ ಹಿಡ್ದ್ ಎರಡ್ ಮಾತ್ ಹೇಳ್ಸಿರೆ ಒಬ್ರ್ ಕಣ್ಣೂ ಒಣಗುದಿಲ್ಲೆ."

"ಇಲ್ಲೆ" ಎಂದ ಚಂದ್ರ.

ಇದೆಲ್ಲ ನಾಟಕದಿಂದ ಬಂದ ಫಜೀತಿ. 'ಇಳಿದು ಬಂದವರು' ಎಂಬುದು ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಆರು ಮಂದಿ ಮಾಜಿ ಸೈನಿಕರು ಕಟ್ಟಿದ ಹಾಡುನಾಟಕ. ಕಾರ್ಗಿಲ್ ಯುದ್ಧ ಮುಗಿಸಿ ಊರಿಗೆ ಬಂದು, ಬ್ಯಾಂಕಿನ ಬಾಗಿಲು ಕಾಯುತ್ತಲೋ ಬಾಟಲಿ ಕಾಯುತ್ತಲೋ ಇದ್ದವರನ್ನು ಸಂಗೀತದ ಯಾಮಿನಿ ಟೀಚರ್ ಗುಡ್ಡೆ ಹಾಕಿ, "ಒಬ್ಬೊಬ್ರೂ ನಿಮ್ದೇ ಒಂದ್ ಕಥಿ ಹಾಡಿ" ಎಂದಿದ್ದರು. ಏಳು ವರ್ಷ ನಡೆಯಿತು. ಕಿಟ್ಟ ಶೆಟ್ಟರ ಹಾಡಿಗೆ ಜನ ಎದ್ದು ನಿಲ್ಲುತ್ತಿದ್ದರು. ಗುಂಡು ತಗುಲಿದ ಗೆಳೆಯನನ್ನು ಬೆನ್ನಿಗೆ ಹಾಕಿಕೊಂಡು, ಅವನಿಗೆ ನಿದ್ದೆ ಹತ್ತದಂತೆ "ಒರ್ಗ್‌ಬೇಡ ಹ್ವಾಯ್, ಒರ್ಗ್‌ಬೇಡ" ಎನ್ನುತ್ತ ಬೆಟ್ಟ ಇಳಿಯುವ ಹಾಡು. ಕೊನೆಗೆ ಗೆಳೆಯ ಕೆಳಗೆ ಬಂದು ಒಂದು ಲೋಟ ಚಾ ಕುಡಿಯುತ್ತಾನೆ; ಚಪ್ಪಾಳೆ ಬೀಳುತ್ತದೆ. ಆರರಲ್ಲಿ ಒಬ್ಬನಾದ ಚಂದ್ರನಿಗೆ ಹಾಡಿರಲಿಲ್ಲ. ಅವನದು ಮದ್ದಳೆ.

"ಇವ್ರತ್ರ ಎಂತಕೆ ಕೇಂತೆ ಮಾರಾಯ?" ಎಂದಳು ಅವನ ಹೆಂಡತಿ ವನಜ. ಸತ್ತ ಮನೆಯಲ್ಲಿ ಒಲೆ ಹಚ್ಚುವಂತಿಲ್ಲವಲ್ಲ, ನೆರೆಮನೆಯಲ್ಲಿ ಕಾಸಿದ ಚಾ ಹಂಚುತ್ತಿದ್ದಳು. "ಇವ್ರ್ ಲಾರಿ ಹೊಡ್ದವ್ರ್. ಅಲ್ಲಿ ಯುದ್ಧ ಆಪು ಹೊತ್ತಿಗೆ ಇವ್ರ್ ಟಯರ್ ಬದ್ಲ್ಸ್ತಿದ್ರ್."

ನಾಲ್ಕಾರು ಜನ ನಗಲು ಹೋಗಿ, ಎಲ್ಲಿ ಕೂತಿದ್ದೇವೆಂದು ನೆನಪಾಗಿ, ಲೋಟದೊಳಗೆ ನಕ್ಕರು.

ಮದುವೆಯಾದ ಹೊಸತರಲ್ಲಿ ಅವಳು ಕೇಳಿದ್ದಕ್ಕೆ ಚಂದ್ರ ಹೇಳಿದ್ದೇ ಅದು, ಲಾರಿ ಹೊಡೀತಿದ್ದೆ ಅಂತ. ಇಪ್ಪತ್ತನಾಲ್ಕು ವರ್ಷ ಆ ಒಂದು ಮಾತಿನ ಮೇಲೆ ಸಂಸಾರ ನಡೆದಿತ್ತು. ಪ್ರತಿ ನಾಟಕಕ್ಕೂ ವನಜ ಮುಂದಿನ ಸಾಲಿನಲ್ಲಿ ಕೂತು ಕಿಟ್ಟಣ್ಣನ ಹಾಡಿಗೆ ಕಣ್ಣೊರೆಸಿಕೊಳ್ಳುವಳು. ಅವನು ಮದ್ದಳೆ ನೋಡುತ್ತ ಬಾರಿಸುವನು.

ಒಳಬಾಗಿಲಿನಿಂದ ಪದ್ಮಾಕ್ಷಿ ಕೈ ಮಾಡಿ ಕರೆದಳು. ಗಂಡನನ್ನು ಕಳೆದುಕೊಂಡವಳ ಕಣ್ಣು ಅತ್ತು ಮುಗಿದು ಒಣಗಿತ್ತು.

"ಚಂದ್ರಣ್ಣ, ಇವ್ರ್ ಯಾರ್ನೋ ಹೊತ್ರ್ ಅಂದ್ ಓದೂಕಾಗ ಅಂದೇಳಿ ಆ ಗಂಡಿಗೆ ಹೇಳಿ. ಇವ್ರ್ ಅಡ್ಗಿಯವ್ರ್. ಹದಿನೇಳ್ ವರ್ಷ ಮಿಲಿಟ್ರಿಗೆ ಬೇಯ್ಸಿ ಹಾಕಿದ್ರ್. ಅದ್ ಸಣ್ಣ ಕೆಲ್ಸ ಅಂದೇಳಿ ಒಂದ್ ದಿನ ಹೇಳ್ದವ್ರಲ್ಲ."

"ನಾಟ್ಕ ಅಲ್ದಾ ಅತ್ಗಿ."

"ಸ್ಟೇಜಿನ್ ಮೇಲೆ ನಾಟ್ಕ. ಅಂಗಳದಗೆ ಎಂತ? ಬೇರೆಯವ್ರ್ ಕಥಿ ಮೈಮೇಲೆ ಹಾಯ್ಕಂಡ್ ಸುಡೂಕ್ ಹೋಪುದ್ ಬೇಡ." ಪೆಟ್ಟಿಗೆಯ ಗಾಜಿನ ಮಂಜನ್ನು ಸೆರಗಿನಿಂದ ಒರೆಸಿದಳು. "ಯಾರ್ ಕಥಿ ಅಂದ್ ಎಷ್ಟ್ ಸಲ ಕೇಂಡಿದೆ. 'ಹಾಡೂಕಾಗ್ದೆ ಇದ್ದವಂದ್' ಅಂದ್ರ್, ಅಷ್ಟೇ."

* * *

ಅಂದು ಕಾರ್ಗಿಲ್‌ನಲ್ಲಿ, ಬೆಟ್ಟದ ಬುಡದಲ್ಲಿ ಅಡುಗೆ ಡೇರೆ. ಅದರೆದುರು ಬೆನ್ನ ಮೇಲೊಬ್ಬನನ್ನು ಹೊತ್ತು ನಿಂತವನು ಅದೇ ಮಾತನ್ನು ಹೇಳುತ್ತಲೇ ಇದ್ದ: ಒರ್ಗ್‌ಬೇಡ, ಒರ್ಗ್‌ಬೇಡ. ಸೌಟು ಹಿಡಿದ ಕಿಟ್ಟನಿಗೆ ಊರಿನ ಮಾತು ಕಿವಿಗೆ ಬಿತ್ತು.

"ಇಳ್ಸ್ ಮಾರಾಯ."

"ಇಳ್ಸುದಿಲ್ಲೆ. ಒರಗ್ತ" ಎಂದ ಚಂದ್ರ.

ಕಿಟ್ಟ ವಾದ ಮಾಡಲಿಲ್ಲ. ಹಿಂದಿನಿಂದ ಬಂದು ಭಾರವನ್ನು ತನ್ನ ತೋಳಿಗೆ ತೆಗೆದುಕೊಂಡ, ತೆರೆದೇ ಇದ್ದ ಕಣ್ಣುಗಳನ್ನು ಮುಚ್ಚಿದ. ಆಮೇಲೆ ಚಂದ್ರನ ಬಾಯಿಗೆ ಚಾ ಹಿಡಿದ.

ಹದಿನೆಂಟು ವರ್ಷದ ನಂತರ ಯಾಮಿನಿ ಟೀಚರ ಅಭ್ಯಾಸದಲ್ಲಿ ಚಂದ್ರನ ಸರದಿ ಬಂತು. ಬಾಯಿ ತೆರೆದ, ಸ್ವರ ಹೊರಡಲಿಲ್ಲ. ಕಿಟ್ಟ ಶೆಟ್ಟರು ಎದ್ದು, "ಆ ಹಾಡ್ ನಂದ್, ಟೀಚರೇ" ಎಂದು, ಗೆಳೆಯ ಚಾ ಕುಡಿಯುವ ಕೊನೆಯವರೆಗೂ ತಾವೇ ಹಾಡಿದರು.

ಮನೆಗೆ ಹೋಗುವ ದಾರಿಯಲ್ಲಿ ಚಂದ್ರ ತಡೆದು ಕೇಳಿದ. "ಅವ ಚಾ ಕುಡ್ದದ್ದಿಲ್ಲೆ ಅಲ್ದಾ, ಕಿಟ್ಟಣ್ಣ?"

"ಚಾ ಮಾಡ್ದವ ನಾನ್, ನಂಗ್ ಗೊತ್ತಿಲ್ಯಾ? ಸ್ಟೇಜಿನ್ ಮೇಲಾರೂ ಕುಡೀಲಿ ಬಿಡ್. ನೀ ಹಾಡೂ ದಿನ ನಿಂಗ್ ಬೇಕಾದಂಗ್ ಹಾಡ್ಕೋ."

* * *

ಮುಂಬೈಯಿಂದ ತಮ್ಮ ಬಂದ, ಅತ್ತ. ಗೌರೀಶ್ ಮೈಕಿಗೆ ಎರಡು ಸಲ ಊದಿ ಓದತೊಡಗಿದ.

"ಹಿಮದ ಬೆಟ್ಟದಲ್ಲಿ ಗೆಳೆಯನನ್ನು ಬೆನ್ನ ಮೇಲೆ ಇಪ್ಪತ್ತು ಕಿಲೋಮೀಟರ್ ಹೊತ್ತು..."

"ಗೌರೀಶ್, ನಿಲ್ಸ್" ಎಂದ ಚಂದ್ರ ಹತ್ತಿರ ಹೋಗಿ.

"ಹದಿನೈದ್ ಮಾಡ್ಲಾ?"

"ಕಿಟ್ಟಣ್ಣ ಅಡ್ಗಿಯವ್ರ್. ನಮ್ಗೆಲ್ಲ ಉಂಬುಕೆ ಹಾಕ್ದವ್ರ್. ಹಂಗೇ ಓದ್."

"ಮತ್ತ್ ಹೊತ್ತದ್ ಯಾರ್?"

ಮೈಕು ಇಬ್ಬರ ನಡುವೆಯೇ ಇತ್ತು. ಪ್ರಶ್ನೆ ಇಡೀ ಅಂಗಳಕ್ಕೆ ಕೇಳಿತು. ಜಗಲಿಯ ಹೆಂಗಸರ ಸಾಲಿನಲ್ಲಿ ವನಜ ಯಾರದೋ ಲೋಟಕ್ಕೆ ಚಾ ಬಗ್ಗಿಸುತ್ತಿದ್ದುದು ಚಂದ್ರನಿಗೆ ಕಂಡಿತು.

"ನಾನ್" ಎಂದ. "ಎಷ್ಟ್ ದೂರ ಅಂದ್ ಗೊತ್ತಿಲ್ಲೆ. ಬೆಳಿಗ್ಗೆ ಹೊರ್ಟದ್, ಮಧ್ಯಾಹ್ನ ಆಯ್ತ್."

ಗೌರೀಶ್ ಕಾಗದ ಕೆಳಗಿಳಿಸಿದ. "ಆ ಜನಕ್ಕೆ ನಮ್ಮ್ ಭಾಷಿ ಅರ್ಥ ಆಯ್ತಿತ್ತಾ?"

"ಬಿಕಾನೇರಿನವ. ಎಂತ ಅರ್ಥ ಆತ್ತ್? ಒರ್ಗ್‌ಬೇಡ ಅಂದ್ರೆ 'ಹಾಂ ಜೀ' ಅಂತಿದ್ದ. ಅರ್ಧ ದಾರಿ ಕಳ್ದ್ ಮೇಲೆ ಅಂಬುದ್ ನಿಲ್ಸ್ದ. ನಾನ್ ಹೇಳ್ತಾನೇ ಇದ್ದೆ."

"ಈಗ ಎಲ್ಲಿದ್ರ್ ಅವ್ರ್?"

"ಅವ ಉಳ್ದದ್ದಿಲ್ಲೆ. ಕೆಳಗ್ ಬಂದ್ ಚಾ ಕುಡ್ದದ್ ನಾನೊಬ್ನೇ."

ವನಜ ಚಾದ ಪಾತ್ರೆಯನ್ನು ಮೆಟ್ಟಿಲ ಮೇಲಿಟ್ಟು, ಜಗಲಿ ಇಳಿದು, ಗಂಡಸರು ಕೂತಿದ್ದ ಅಂಗಳದ ನಡುವೆ ನಡೆದು ಬಂದಳು. ಕೂತವರು ಕಾಲು ಎಳೆದುಕೊಂಡು ದಾರಿ ಕೊಟ್ಟರು. ಅವಳು ಚಂದ್ರನ ಹಿಂದೆ ಬಂದು ನಿಂತು, ಬೆವರಿಗೆ ಅಂಟಿದ್ದ ಅವನ ಅಂಗಿಯ ಮೇಲೆ, ಎರಡು ಭುಜಗಳ ನಡುವೆ, ಅಂಗೈ ಇಟ್ಟಳು. ತೆಗೆಯಲಿಲ್ಲ.