ಆರುನೂರಾ ಎಂಟನೇ ನಂಬರು

ಆದವಾನಿಯ ಸರ್ಕಾರಿ ದವಾಖಾನೆಯ ಗೇಟಿನ ಮುಂದೆ ಉರುಕುಂದಮ್ಮ ಗಂಡನ ಚಟ್ಟಕ್ಕೆ ಅಡ್ಡ ನಿಂತಳು.

"ಇಳಸ್ರಿ!"

ಹೆಗಲು ಕೊಟ್ಟವರು ಕಕ್ಕಾಬಿಕ್ಕಿಯಾಗಿ ಇಳಿಸಿದರು. ಹಲಗೆ ಬಾರಿಸುವುದು ನಿಂತಿತು.

"ಏ ತಂಗಿ, ಹೆಣ ನಡುದಾರ್ಯಾಗ ನಿಲ್ಲಸ್ತಾರೇನ? ಹೊತ್ತು ಏರಾಕತ್ತೈತಿ," ಎಂದ ಹಿರಿಯ ಮರಿಬಸಪ್ಪ.

"ಏರಲಿ. ಸತ್ತಾಂವಗೇನು ಅವಸರ? ಲಾಲಪ್ಪನ್ನ ನೋಡ್ರಿ."

ಲಾಲಪ್ಪ ಸತ್ತ ಗೋವಿಂದಪ್ಪನ ತಮ್ಮ, ಅರಳೆ ಮಾರ್ಕೆಟ್ಟಿನ ಹಮಾಲ. ಮುಂಜಾನೆಯಿಂದ ಏಳು ಸಲ ಗೋಡೆಯ ಮರೆಗೆ ಹೋಗಿದ್ದ. ಏಳು ಸಲವೂ ಹೋದ ಹಾಗೇ ಮುಖ ಹಿಂಡಿಕೊಂಡು ಮರಳಿದ್ದ. ಅಣ್ಣನ ದುಃಖ, ಪಾಪ, ಎಂದಿತು ಮಂದಿ. ದುಃಖವಂತೆ! ಉರುಕುಂದಮ್ಮ ಈ ನಡಿಗೆಯನ್ನು ಮನೆಯಲ್ಲಿ ಗಂಡನಲ್ಲೇ ಆರು ತಿಂಗಳು ನೋಡಿದ್ದಳು.

* * *

ಗೋವಿಂದಪ್ಪ ಇದೇ ದವಾಖಾನೆಯ ಗುಮಾಸ್ತ. ಡಾಕ್ಟರು ರೋಗ ಹೇಳಿದರೆ, ದಪ್ಪ ಪುಸ್ತಕ ತೆಗೆದು ಅದರ ನಂಬರು ಹುಡುಕಿ ರಿಜಿಸ್ಟರಿಗೆ ಏರಿಸುವುದು ಅವನ ಕೆಲಸ. ಮೂತ್ರದ ನಾಳ ಕಿರಿದಾದರೆ ಆರುನೂರಾ ಎಂಟು. ಊರಿನ ಎಷ್ಟೋ ಗಟ್ಟಿಗರು ಆ ನಂಬರಿಗೆ ನಾಚುತ್ತ ಬಂದು ನಗುತ್ತ ಹೋಗಿದ್ದರು. ತನಗೇ ಹನಿಹನಿಯಾಗಿ ಬರತೊಡಗಿದಾಗ ಮಾತ್ರ ಈ ಮಹಾರಾಯ ಉಷ್ಣವೆಂದ, ಬಾರ್ಲಿ ನೀರು ಕುಡಿದ, ಕಿಬ್ಬೊಟ್ಟೆಗೆ ಒದ್ದೆ ಬಟ್ಟೆ ಹಾಕಿಕೊಂಡ.

"ಡಾಕ್ಟರಿಗೆ ತೋರಸ್ರಿ," ಎಂದಳು ಹೆಂಡತಿ.

"ಹುಚ್ಚಿ! ನನ್ನ ಹೆಸರಿನ ಮುಂದ ನನ್ನ ಕೈಲೇ ಆ ನಂಬರ ಬರೀಲೇನ? ಕಂಪೌಂಡರ ನಗೂದಿಲ್ಲೇನ?"

ಕೊನೆಗೆ ಮೂತ್ರ ಪೂರಾ ಕಟ್ಟಿ, ಜ್ವರ ನೆತ್ತಿಗೇರಿ ಹೋದ. ರಿಜಿಸ್ಟರಿನಲ್ಲಿ ಒಂದೂ ತಪ್ಪಿರಲಿಲ್ಲ.

* * *

"ನಡಿ ಒಳಗ," ಎಂದಳು ಮೈದುನನಿಗೆ.

"ಅತ್ತಿಗೆವ್ವಾ, ಮಂದಿ ಅದಾರ... ಮೊದಲು ಮಣ್ಣು ಮುಗೀಲಿ."

"ಮೊದಲ ಹಿಡಿ ಮಣ್ಣು ಹಾಕಾಂವ ನೀನಽ. ನೀ ಬರೋತನ ನಿಮ್ಮಣ್ಣ ಇಲ್ಲೇ ಮಲಗಿರ್ತಾನ. ಮರ್ಯಾದಿ ಮರ್ಯಾದಿ ಅಂತ ಒಬ್ಬಾಂವ ಹೋದ. ಇನ್ನೊಂದು ಚಟ್ಟ ನೋಡೋ ಶಕ್ತಿ ನನಗಿಲ್ಲೋ, ಲಾಲ್ಯಾ!" ಮಾತಿನ ಜೊತೆಗೇ ಅಳು ನುಗ್ಗಿತು.

ಮರಿಬಸಪ್ಪ ಕೆಮ್ಮಿದ. "ಹೋಗಪಾ. ನಾಳ ಬಿಡಸೋ ಸಲಾಕಿಗೆ ಅಂಜಬ್ಯಾಡ. ತಣ್ಣಗಿರತೈತಿ, ಅಷ್ಟ."

ಎಲ್ಲರೂ ಅವನ ಕಡೆ ತಿರುಗಿದರು.

"ಯಾರೋ ಹೇಳಿದ್ರು," ಎಂದ ಮರಿಬಸಪ್ಪ.

ಲಾಲಪ್ಪ ತಲೆ ತಗ್ಗಿಸಿ ಒಳಗೆ ಹೋದ. ಮಂದಿ ಬೇವಿನ ನೆರಳಿಗೆ ಸರಿದು ಬೀಡಿ ಹಚ್ಚಿತು. ಸ್ವಲ್ಪ ಹೊತ್ತಿಗೆ ಕಿಟಕಿಯಿಂದ "ಯಪ್ಪಾ!" ಎಂಬ ಕೂಗು ಬಂತು. ಉರುಕುಂದಮ್ಮ ಕಿಟಕಿಯ ಕಡೆ ಕಿವಿಗೊಟ್ಟಳು. ಆಮೇಲೆ ತಗಡಿನ ಬೇಸಿನ್ನಿಗೆ ಧಾರೆ ಬಿದ್ದ ಸದ್ದು; ನಿಲ್ಲುವ ಮಾತೇ ಇಲ್ಲ.

"ಇನ್ನೊಂದು ಬೇಸಿನ್ ತಾರೋ, ಇದು ತುಂಬಿತು!" ಡಾಕ್ಟರು ಒದರಿದರು.

ಹಲಗೆಯವನು ಮೊದಲು ನಕ್ಕ. ಆಮೇಲೆ ಯಾರು ಯಾರನ್ನು ತಡೆಯಬೇಕು! ಉರುಕುಂದಮ್ಮ ಸೆರಗು ಬಾಯಿಗೆ ತುರುಕಿಕೊಂಡರೂ ನಗು ನಿಲ್ಲಲಿಲ್ಲ. ನಗುತ್ತಲೇ ಚಟ್ಟದ ಪಕ್ಕ ಕುಸಿದು, ಗಂಡನ ಎದೆಗೆ ಗುದ್ದಿದಳು.

"ಕೇಳಿದ್ರೇನ? ಇಷ್ಟಽ ಇತ್ತಲ್ರೀ, ಇಷ್ಟಽ!"

ಆಮೇಲೆ ಗುದ್ದಿದ ಜಾಗವನ್ನು ಅದೇ ಕೈಯಿಂದ ಸವರತೊಡಗಿದಳು.