ಕಬ್ಬಿಣದ ಟೋಪಿಯ ಮೇಲೆ ಮೂರು ಗೆರೆ

೧

ಬೆಳಿಗ್ಗೆ ಎಂಟು ಗಂಟೆ, ೧೯೧೯ರ ಬೇಸಿಗೆ. ಹಿರಿಯೂರು ತಾಲ್ಲೂಕಿನ ಜವನಗೊಂಡನಹಳ್ಳಿ ಬಳಿಯ ಕುರಿಹಟ್ಟಿಗೆ ಯುದ್ಧದ ಕಬ್ಬಿಣದ ಟೋಪಿಯೊಂದು ಬಂತು. ಅದನ್ನು ಹಾಕಿಕೊಂಡಿದ್ದವನು ಬರಲಿಲ್ಲ.

(ಹೀಗೆ ಶುರು ಮಾಡಿದರೆ ಸುದ್ದಿಯಾಗುತ್ತದೆ, ಕಥೆಯಾಗುವುದಿಲ್ಲ ಎನ್ನುತ್ತೀರಿ. ತೋಪಿನ ಸದ್ದಿನಿಂದ ಶುರುವಾದ ಡ್ರಾಫ್ಟೂ ಒಂದಿತ್ತು. ಅದರ ತುಂಬ ಹೊಗೆ; ಕುರಿ ಒಂದೂ ಇರಲಿಲ್ಲ. ಹರಿದು ಹಾಕಿದೆ.)

೨

ಚಿತ್ತಯ್ಯ ಫ್ರಾನ್ಸಿಗೆ ಹೋಗಿದ್ದು ಸೈನ್ಯದ ಹೇಸರಗತ್ತೆ ಹೊಡೆಯಲು. ಅವನ ಕುರಿಗಳನ್ನು ಹೆಂಡತಿ ಕೆಂಚಕ್ಕ ಕಾಯುತ್ತಿದ್ದಳು. ಅದೇ ಕೆಲಸಕ್ಕೆ ಹೋಗಿದ್ದ ಬೋರಪ್ಪ ಮರಳುವಾಗ, ಹಡಗು ಹತ್ತುವವರೆಲ್ಲ ಕಳಚಿ ಒಪ್ಪಿಸಿದ ಟೋಪಿಗಳ ರಾಶಿಯಲ್ಲಿ ಇದನ್ನು ಕಂಡು ಎತ್ತಿಕೊಂಡು ಬಂದಿದ್ದ. ಚಿತ್ತಯ್ಯ ಬೇರೆ ತುಕಡಿಯಲ್ಲಿದ್ದ; ಅವನು ಏನಾದನೆಂದು ಬೋರಪ್ಪನಿಗೂ ಗೊತ್ತಿರಲಿಲ್ಲ. ಟೋಪಿಯ ಒಂದು ಪಕ್ಕದಲ್ಲಿ ಬಿಳಿ ಬಣ್ಣದ ಮೂರು ಗೆರೆ, ಕೆಳಗೊಂದು ಚುಕ್ಕೆ.

"ನಮ್ಮ ಮಂದೆ ಗುರುತೇ ಇದು," ಎಂದ ಚಿತ್ತಯ್ಯನ ಅಣ್ಣ ಜುಂಜಯ್ಯ. ಕುರಿಗಳು ಬೇರೆ ಮಂದೆಯಲ್ಲಿ ಬೆರೆತು ಹೋಗದಿರಲೆಂದು ಅವುಗಳ ಎಡ ಪಕ್ಕೆಗೆ ಆ ಮನೆಯವರು ಕೆಮ್ಮಣ್ಣಿನಲ್ಲಿ ಹಾಕುತ್ತಿದ್ದುದು ಇದನ್ನೇ. "ಇನ್ನು ಕಾಯೋದೇನೈತೆ? ಬಳೆ ತೆಗೆಸ್ರಿ. ಕುರಿ ನನ್ನ ಮಂದೆಗೆ ಸೇರ್ಲಿ."

(ತಮ್ಮನಿಗಾಗಿ ಅಳಲು ಅವನಿಗೆ ಎರಡು ಸಾಲು ಖಾಲಿ ಬಿಟ್ಟಿದ್ದೆ. ಅವನು ಅಲ್ಲಿಗೂ ಕುರಿ ಹೊಡೆದುಕೊಂಡು ಬಂದ.)

೩

ಈಗ ಎಕ್ಸ್‌ಪರ್ಟ್ ಬೇಕು. ಯುದ್ಧವನ್ನೆಲ್ಲ ಪತ್ರಿಕೆಯಲ್ಲಿ ಓದಿ ಗೆದ್ದಿದ್ದ ಪಂಚಾಕ್ಷರಪ್ಪ ಮೇಷ್ಟ್ರನ್ನು ಕರೆಸಿದರು.

"ಕುರಿ ಗುರುತಲ್ಲ ಕಣ್ರಿ ಇದು. ಮೂರು ಗೆರೆ ಅಂದ್ರೆ ಮೂರನೇ ದಳ. ಚುಕ್ಕೆ ಅಂದ್ರೆ ತೋಪಿನ ಗುಂಡು."

"ಮೇಷ್ಟ್ರೇ, ನಾವು ಕತ್ತೆ ಹೊಡೀತಿದ್ವಿ," ಎಂದ ಬೋರಪ್ಪ.

"ಗುಂಡು ಹೊತ್ತಿದ್ದು ಯಾರಪ್ಪ? ಕತ್ತೆ ತಾನೇ?"

(ಇಂದು ಇಂಥ ಟೋಪಿ ಸಂಗ್ರಹಿಸುವವರು ಗುರುತು ಬಿಡಿಸುವುದೂ ಹೀಗೆಯೇ. ಕೈಯಲ್ಲಿ ಬೆತ್ತ ಇರುವುದಿಲ್ಲ, ಅಷ್ಟೇ.)

ಕೆಂಚಕ್ಕ ಟೋಪಿ ತೆಗೆದುಕೊಂಡು ಚುಕ್ಕೆಯ ಮೇಲೆ ಹೆಬ್ಬೆರಳಾಡಿಸಿದಳು. ಚುಕ್ಕೆ ಇಟ್ಟ ಮೇಲೆ ಬೆರಳನ್ನು ಕೆಳಗೆ ಎಳೆದೇ ಎತ್ತುವುದು ಚಿತ್ತಯ್ಯನ ಅಭ್ಯಾಸ. ಈ ಚುಕ್ಕೆಗೂ ಬಾಲವಿತ್ತು. ಒಂದೇ ಥರದ ಟೋಪಿಗಳ ಮಂದೆಯಲ್ಲಿ ತನ್ನದು ತಪ್ಪಿಹೋಗದಿರಲೆಂದು ಅವನು ಮಾಡಿದ ಕೆಲಸ.

"ನಾವು ಎಡಕ್ಕೆ ಹಾಕೋದು," ಎಂದಳು. "ಇದು ಬಲಕ್ಕೈತೆ."

"ತಟ್ಟೆ ಥರ ದುಂಡಗೈತಲ್ಲೇ ಇದು," ಜುಂಜಯ್ಯ ಟೋಪಿ ತಿರುಗಿಸಿದ. "ಈಗ ಎಡ ಆತು ನೋಡು."

"ಕುರೀನೂ ಹಿಂಗೇ ತಿರುಗಿಸಿ ಬಾಲದ ಕಡೆಯಿಂದ ಮೇಯಿಸ್ತೀರೇನು ಭಾವ?"

ಹಟ್ಟಿ ನಕ್ಕಿತು. ಮೇಷ್ಟ್ರು ಟೋಪಿಯನ್ನು ತಾವೇ ಹಾಕಿಕೊಂಡು, ಗೆರೆ ಬಲಕ್ಕೆ ಬರುವಂತೆ ಸರಿಪಡಿಸಿಕೊಂಡು, ಮುಂಭಾಗ ಇದೇ ಎಂದು ತೀರ್ಪಿತ್ತರು.

"ಮೇಷ್ಟ್ರು ಓದಿದೋರು. ಅವರು ಹೇಳಿದ ಮೇಲೆ ಮುಗೀತು," ಎಂದಳು ಕೆಂಚಕ್ಕ. ಹಟ್ಟಿಯ ಹಿರಿಯರೂ ತಲೆಯಾಡಿಸಿದರು.

"ಹಂಗಾದ್ರೆ ಇದು ನಿಮ್ಮ ಮನೇದಲ್ಲ. ಸ್ಕೂಲಲ್ಲಿ ಇಡ್ತೀನಮ್ಮ," ಎಂದು ಮೇಷ್ಟ್ರು ಹೊರಟರು. ಇದನ್ನು ಅವಳು ಯೋಚಿಸಿರಲಿಲ್ಲ. ತಡೆಯಲು ಎತ್ತಿದ ಕೈಯಿಂದ ಸೆರಗು ಸರಿಮಾಡಿಕೊಂಡಳು. ಕೈಯ ಬಳೆಗಳು ಸದ್ದು ಮಾಡಿದವು.

೪

ಮುಕ್ತಾಯ ಒಂದು: ಸಂಜೆ ಚಿತ್ತಯ್ಯ ಬರುತ್ತಾನೆ. ಮುಕ್ತಾಯ ಎರಡು: ಅವನು ಸತ್ತ ಸುದ್ದಿ ಬರುತ್ತದೆ. ಎರಡನ್ನೂ ಬರೆದು ಕೆಂಚಕ್ಕನ ಮುಂದೆ ಓದಿದೆ.

"ಅವನು ಇದಾನೋ ಇಲ್ವೋ, ನಿನಗೆ ಗೊತ್ತಾ?"

"ಇಲ್ಲ."

"ಗೊತ್ತಿಲ್ದಿದ್ರೆ ಸುಮ್ಕಿರಪ್ಪ. ನಾನೂ ಅದಕ್ಕೇ ಬಲಕ್ಕೈತೆ ಅಂದಿದ್ದು."

ಎರಡನ್ನೂ ಹೊಡೆದುಹಾಕಿದೆ. ಮೂರನೆಯದು ನನ್ನಲ್ಲಿಲ್ಲ. ನಡೆದದ್ದಿಷ್ಟು: ಹಟ್ಟಿಯಲ್ಲಿ ಆಗಷ್ಟೇ ಉಣ್ಣೆ ಕತ್ತರಿಸಿದ್ದರಿಂದ ಕುರಿಗಳ ಮೈಮೇಲೆ ಗುರುತು ಉಳಿದಿರಲಿಲ್ಲ. ಮರುದಿನ ಬೆಳಿಗ್ಗೆ ಕೆಂಚಕ್ಕ ಕೆಮ್ಮಣ್ಣು ಕಲಸಿ, ಎಲ್ಲರೆದುರಿಗೇ, ತನ್ನ ಕುರಿಗಳ ಎಡ ಪಕ್ಕೆಗೆ ಮೂರು ಗೆರೆ ಎಳೆದು ಚುಕ್ಕೆ ಇಟ್ಟಳು. ಪ್ರತಿ ಚುಕ್ಕೆಗೂ ಬಾಲ ಎಳೆದಳು.