ದಳಪತಿಯ ಕುತ್ತಿಗೆ

ದಳಪತಿಯ ಕುತ್ತಿಗೆಯನ್ನು ಹಲ್ಲಿನವನು ಮೂರನೆಯ ಸಲ ದಿಟ್ಟಿಸಿದ. ಹೆಬ್ಬೆರಳಿನಷ್ಟು ಎತ್ತರದ ತವರದ ಸೈನಿಕ. ನೀಲಿ ನಿಲುವಂಗಿ, ಎತ್ತಿದ ಕತ್ತಿ, ಗಲ್ಲಕ್ಕೆ ತಾಗುವ ಕಾಲರು. ಆ ಕಾಲರಿನೊಳಗೇ ಎಲ್ಲ ಅಡಗಿದೆ ಎಂಬುದು ಅವನಿಗೆ ಖಾತ್ರಿಯಾಗಿತ್ತು.

"ಏನಪ್ಪಾ, ನುಂಗೋ ಹಂಗೆ ನೋಡ್ತಿದ್ದೀಯಲ್ಲ?" ಎಂದ ಕನ್ನಡಕದವನು.

"ಬಣ್ಣ ಚೆನ್ನಾಗಿ ಕೂತಿದೆ ಸಾರ್. ಎಲ್ಲಿ ಸಿಕ್ಕಿದ ಇವನು?"

"ಯಾರದೋ ಹಳೇ ಡಬ್ಬದಲ್ಲಿ. ಮಾರೋರಿಗೆ ಏನು ಮಾರ್ತಿದ್ದೀವಿ ಅಂತಾನೇ ಗೊತ್ತಿರ್ಲಿಲ್ಲ."

ಹಳೇ ಡಬ್ಬ! ಲೋಕದಲ್ಲಿ ಕದ್ದ ಮಾಲೆಲ್ಲ ಸಿಗುವುದು ಹಳೇ ಡಬ್ಬದಲ್ಲೇ ಎಂದುಕೊಂಡ ಹಲ್ಲಿನವನು.

ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಭಾನುವಾರ ಮಧ್ಯಾಹ್ನ ಮೂವರು ಸೇರುತ್ತಿದ್ದರು: ಅಂಗಡಿಯ ಯಜಮಾನನಾದ ಕನ್ನಡಕದವನು, ದಂತವೈದ್ಯರಿಗೆ ಹಲ್ಲಿನ ಸೆಟ್ ಮಾಡಿಕೊಡುವ ಈ ಹಲ್ಲಿನವನು, ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಬಿಡಿಬಿಡಿಯಾಗಿ ಬರುವ ಕೈ, ಕಾಲು, ತಲೆಗಳನ್ನು ಅಂಟಿಸಿ ಸೈನಿಕರನ್ನು ಕಟ್ಟುವುದು, ನಾಲ್ಕು ಕೂದಲಿನ ಬ್ರಷ್ಷಿನಲ್ಲಿ ಬಣ್ಣ ಹಚ್ಚುವುದು, ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ ದಾಳ ಉರುಳಿಸಿ ಯುದ್ಧ ಮಾಡುವುದು. ಐವತ್ತು ದಾಟಿದವರ ಈ ಹುಚ್ಚನ್ನು ಮನೆಯವರು ಬಿಪಿ, ಶುಗರ್‌ಗಳ ಪಟ್ಟಿಗೆ ಸೇರಿಸಿ ಸುಮ್ಮನಾಗಿದ್ದರು. ಈ ಮೇಜು ಬಿಟ್ಟರೆ ಹಲ್ಲಿನವನನ್ನು "ಬಾ, ಕೂತ್ಕೋ" ಎಂದು ಕರೆಯುವ ಜಾಗ ವಾರದಲ್ಲಿ ಇನ್ನೊಂದಿರಲಿಲ್ಲ.

ಎರಡು ತಿಂಗಳ ಹಿಂದೆ, ಒಂದು ಭಾನುವಾರದ ಆಟದ ನಂತರ, ಅವನ ದಳಪತಿ ಕಾಣೆಯಾಗಿದ್ದ. ಇದೇ ಅಚ್ಚು, ಇದೇ ಕತ್ತಿ. ತಯಾರಿಸುವುದನ್ನು ನಿಲ್ಲಿಸಿ ಹತ್ತು ವರ್ಷವಾದ ಮಾಲು. "ಕಸದಲ್ಲಿ ಹೋಗಿರ್ಬೇಕು ರೀ. ನೀವು ಬೀಳಿಸೋ ಕೈಕಾಲೆಲ್ಲ ಆರಿಸ್ತಾ ಕೂತ್ರೆ ನಾನು ಮನೆ ಗುಡಿಸೋದು ಯಾವಾಗ?" ಎಂದಿದ್ದಳು ಹೆಂಡತಿ. ಅವನು ನಂಬಲಿಲ್ಲ. ಗೆಳೆಯರಿಗೂ ಹೇಳಲಿಲ್ಲ, ಹೇಳಿದರೆ ಕಳ್ಳ ಎಚ್ಚೆತ್ತುಕೊಳ್ಳುತ್ತಾನಲ್ಲ.

ಅವನ ದಳಪತಿಗೆ ಒಂದು ಗುರುತಿತ್ತು. ಕುತ್ತಿಗೆ ಮುರಿದಾಗ ಎಲ್ಲರಂತೆ ಪುಟ್ಟಿ ತುಂಬದೆ, ಸೆಟ್ಟಿನ ವಸಡಿಗೆ ಬಳಸುವ ಗುಲಾಬಿ ಅಕ್ರಿಲಿಕ್ ತುಂಬಿ ಕೂರಿಸಿದ್ದ. ಮೇಲಿನ ಬಣ್ಣ ಕಿತ್ತರೆ ವಸಡು ಕಂಡೇ ಕಾಣಬೇಕು.

"ಈ ನೀಲಿ ನಂಗೂ ಬೇಕು ಸಾರ್. ಒಂದು ವಾರ ಕೊಡ್ತೀರಾ? ನೋಡ್ಕೊಂಡು ಕಲಸ್ತೀನಿ."

"ಅದಕ್ಕೇನು, ತಗೊಂಡ್ಹೋಗು. ಮೂರು ತಿಂಗಳು ಕೂತು ಬಣ್ಣ ಹಚ್ಚಿದ್ದೀನಿ, ಬೀಳಿಸ್ಬೇಡ ಅಷ್ಟೆ."

ಮೂರು ತಿಂಗಳಂತೆ. ಕೇಳದೆಯೇ ತಿಂಗಳ ಲೆಕ್ಕ ಒಪ್ಪಿಸುವವನನ್ನು ನಂಬುವುದು ಹೇಗೆ? ಅಷ್ಟು ಸುಲಭವಾಗಿ ಕೊಟ್ಟದ್ದೂ ಹಲ್ಲಿನವನಿಗೆ ಸರಿಬರಲಿಲ್ಲ.

ಸೋಮವಾರ ಬೆಳಿಗ್ಗೆ, ಪ್ಲಾಸ್ಟರ್ ದವಡೆಗಳು ಕೆಲಸದ ಮೇಜಿನ ಮೇಲೆ ಬಾಯಿ ತೆರೆದು ಕಾಯುತ್ತಿರುವಾಗ, ಅವನು ದಳಪತಿಯನ್ನು ನಾಲ್ಕೂ ಕಡೆಯಿಂದ ಫೋಟೊ ತೆಗೆದ. ಯಾವ ಕೆಲಸಕ್ಕೂ ಮೊದಲು ಫೋಟೊ ತೆಗೆಯುವುದು ಅವನ ರೂಢಿ. ಕುತ್ತಿಗೆಗಷ್ಟೇ ಸ್ಪಿರಿಟ್ ಹತ್ತಿ ಒತ್ತಿದ್ದರೆ ಸಾಕಿತ್ತು. ಆದರೆ ಸಾಕ್ಷಿ ಎಂದರೆ ಪೂರ್ತಿ ಸಾಕ್ಷಿಯಾಗಬೇಕೆಂದು ಆಳನ್ನೇ ಸ್ಪಿರಿಟ್ಟಿನ ಬಟ್ಟಲಲ್ಲಿ ಮುಳುಗಿಸಿದ. ಅರ್ಧ ಗಂಟೆಯ ನಂತರ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದ. ನೀಲಿ ಹೋಯಿತು, ಮುಖ ಹೋಯಿತು, ಕಾಲರು ಹೋಯಿತು. ಕೆಳಗೆ ಬರೀ ತವರ. ಗುಲಾಬಿ ಇಲ್ಲ, ಬಿರುಕೂ ಇಲ್ಲ. ಈ ಕುತ್ತಿಗೆ ಹುಟ್ಟಿದಾಗಿನಿಂದ ಮುರಿದೇ ಇರಲಿಲ್ಲ.

ದವಡೆಗಳ ನಡುವೆ ಅವನೂ ಬಾಯಿ ಬಿಟ್ಟು ಕೂತ.

ಫೋನು ಮಾಡಿ ಹೇಳಬಹುದಿತ್ತು. ಏನೆಂದು ಹೇಳುವುದು? ನೀವು ಕಳ್ಳರಿರಬಹುದು ಅಂತ ನಿಮ್ಮ ಸೈನಿಕನಿಗೆ ಸ್ನಾನ ಮಾಡಿಸಿದೆ ಎಂದೇ? ಫೋಟೊಗಳನ್ನು ಎದುರಿಗಿಟ್ಟುಕೊಂಡು ಬಣ್ಣ ಕಲಸತೊಡಗಿದ. ಹಲ್ಲಿನ ಹದಿನಾರು ಬಗೆಯ ಬಿಳುಪನ್ನು ಬೇರೆಮಾಡಬಲ್ಲವನಿಗೆ ಒಂದು ನೀಲಿ ಯಾವ ಮಹಾ. ಐದು ದಿನ ಊಟದ ಹೊತ್ತಿನಲ್ಲೆಲ್ಲ ಅದೇ ಕೆಲಸ. ಯಾವುದೋ ಅಜ್ಜಿಯ ಕೆಳದವಡೆ ಎರಡು ದಿನ ತಡವಾಯಿತು. ಕೊನೆಗೆ ಕಣ್ಣು. ಫೋಟೊದಲ್ಲಿ ಕಣ್ಣಿನ ಚುಕ್ಕೆಗಳು ಎಡಮೂಲೆಗೆ ಸರಿದಿದ್ದವು. ಕನ್ನಡಕದವನಿಗೂ ವಯಸ್ಸಾಯಿತಲ್ಲ, ಕೈ ನಡುಗಿರಬೇಕು. ಹೆಚ್ಚು ಯೋಚಿಸದೆ ಚುಕ್ಕೆಗಳನ್ನು ನಟ್ಟನಡುವೆ ಇಟ್ಟ. ಮೂವತ್ತು ವರ್ಷ ಓರೆಯಾದದ್ದನ್ನು ಸರಿಮಾಡುತ್ತಲೇ ಬಂದ ಕೈ ಅದು.

ಭಾನುವಾರ ಕನ್ನಡಕದವನು ದಳಪತಿಯನ್ನು ಬಾವುಟ ಹಿಡಿದ ಸೈನಿಕನ ಪಕ್ಕ ನಿಲ್ಲಿಸಿದ. ತಲೆ ಓರೆ ಮಾಡಿ ನೋಡಿದ. ಭೂತಗನ್ನಡಿ ತಂದ.

"ಇವನು ನೇರ ನೋಡ್ತಾನಲ್ಲ."

"ಕನ್ನಡೀಲಿ ಅಕ್ಕಪಕ್ಕ ನೋಡ್ಬೇಕು," ಎಂದರು ಮೇಷ್ಟ್ರು. "ನನ್ನ ಹತ್ರ ಕಲಿತಿದ್ರೆ ನೋಡ್ತಿದ್ದ."

ಕನ್ನಡಕದವನು ನಗಲಿಲ್ಲ. "ನನ್ನೋನು ಬಾವುಟದವನ ಮೇಲೆ ಒಂದು ಕಣ್ಣಿಟ್ಟಿದ್ದ. ಓಡ್ಹೋಗ್ತಾನೇನೋ ಅಂತ. ಕಣ್ಣು ಬೇಕಂತಲೇ ಓರೆ ಬರೆದಿದ್ದೆ. ಇವನು ನನ್ನೋನಲ್ಲ."

"ಇದೇ ಸಾರ್ ನಿಮ್ದು," ಎಂದ ಹಲ್ಲಿನವನು. ಆ ಕೋಣೆಯಲ್ಲಿ ಎರಡು ಭಾನುವಾರಗಳಲ್ಲಿ ಅವನಾಡಿದ ಮೊದಲ ನಿಜ ಅದು.

"ಪರವಾಗಿಲ್ಲ ಬಿಡು, ನಿನ್ನ ಹತ್ರಾನೂ ಇಂಥೋನೇ ಒಬ್ಬ ಇದ್ದಾನಲ್ಲ. ಅದಲು ಬದಲಾಗಿರುತ್ತೆ. ಮನೇಲಿ ನೋಡಿ ತಂದ್ಬಿಡು."

"ಅವನು ಇಲ್ಲ ಸಾರ್. ಕಳೆದ್ಹೋದ."

"ಯಾವಾಗ?"

"ಎರಡು ತಿಂಗಳಾಯ್ತು."

"ಎರಡು ತಿಂಗಳು." ಕನ್ನಡಕದವನು ಭೂತಗನ್ನಡಿಯನ್ನು ಮೆಲ್ಲಗೆ ಕೆಳಗಿಟ್ಟ. "ಒಂದು ಮಾತೂ ಹೇಳ್ಲಿಲ್ಲ."

ಮೇಷ್ಟ್ರು ಎರಡು ದಾಳಗಳನ್ನು ಕೈಯಲ್ಲಿ ಕುಲುಕುತ್ತಿದ್ದವರು ನಿಲ್ಲಿಸಿದರು.

ಮುಂದಿನ ಬಾಗಿಲಲ್ಲಿ ಯಾರೋ ಗಂಟೆ ಒತ್ತಿದರು. ಕಡ್ಡಿ ಮುರಿದ ಕನ್ನಡಕ ಹಿಡಿದ ಗಿರಾಕಿ. ಕನ್ನಡಕದವನು ಎದ್ದು ನಾಲ್ಕು ಹೆಜ್ಜೆ ಹೋದವನು ತಿರುಗಿ ಬಂದ. ಮೇಜಿನ ಮೇಲಿದ್ದ ತನ್ನ ಸೈನಿಕರನ್ನು ಒಬ್ಬೊಬ್ಬರನ್ನಾಗಿ ಎತ್ತಿ ಡಬ್ಬದಲ್ಲಿ ಮಲಗಿಸಿದ, ಮುಚ್ಚಳ ಹಾಕಿದ, ಡಬ್ಬವನ್ನು ಕಂಕುಳಿಗೆ ಏರಿಸಿಕೊಂಡ. "ಒಂದ್ನಿಮಿಷ ಬಂದೆ," ಎಂದು ಯಾರ ಮುಖವನ್ನೂ ನೋಡದೆ ಅಂಗಡಿಯ ಕಡೆ ಹೋದ.

ಮೇಜಿನ ಮೇಲೆ ದಳಪತಿ ಒಬ್ಬನೇ ಉಳಿದಿದ್ದ, ಕತ್ತಿ ಎತ್ತಿಕೊಂಡು, ನೇರ ಎದುರಿಗೆ ನೋಡುತ್ತ.